ಎರಡನೇ ಹೆರಿಗೆಗೆ ಮೊದಲನೆಯದರ ಲೆಕ್ಕ ಹಿಡಿಯಬೇಡಿ

ಎರಡನೇ ಬಸಿರು ಅಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಅನುಭವಸ್ಥರು. ಮೊದಲನೇ ಸಲ ಸೀಮಂತ, ಬಳೆ ತೊಡಿಸುವುದು, ಏಳನೇ ತಿಂಗಳಿಗೇ ತವರಿಗೆ ಕರೆದೊಯ್ಯುವುದು ಎಲ್ಲ ಇರುತ್ತೆ. ಎರಡನೆಯದಕ್ಕೆ ಸೀಮಂತವಿಲ್ಲ, ಗಡಿಬಿಡಿಯೂ ಇಲ್ಲ. ‘ಇದೇನು ಹೊಸದಾ?’ ಅನ್ನುವ ಮಾತೊಂದೇ. ದೊಡ್ಡ ಮಗುವಿನ ಅಂಗನವಾಡಿ ತಪ್ಪುತ್ತೆ, ಮನೆ ಕೆಲಸ ಯಾರು ನೋಡ್ಕೋತಾರೆ ಅಂತ ಎಲ್ಲವನ್ನೂ ಒಂಬತ್ತನೇ ತಿಂಗಳಿಗೆ ಮುಂದೂಡುತ್ತಾರೆ. ಹಾಗಾಗಿ ಡಾಕ್ಟರು ಕೊಟ್ಟ ದಿನಾಂಕಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗ ನೋವು ಕಾಣಿಸಿಕೊಂಡರೆ, ಅದನ್ನು ಹೆರಿಗೆ ನೋವು ಅಂತ ನಂಬಲು ಮನೆಯಲ್ಲಿ ಯಾರೂ ತಯಾರಿರುವುದಿಲ್ಲ.

37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 1.34 ಕೋಟಿ, ಅದರಲ್ಲಿ ಭಾರತದ್ದೇ 30 ಲಕ್ಷ. ಬೇರಾವ ದೇಶದಲ್ಲೂ ಇಷ್ಟಿಲ್ಲ. ಕಾರಣಗಳ ಪಟ್ಟಿ ದೊಡ್ಡದಿದೆ: ಮೂತ್ರನಾಳದ ಸೋಂಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅವಳಿ, ಗರ್ಭಕೊರಳು ಗಿಡ್ಡವಾಗಿರುವುದು. ಎಷ್ಟೋ ಸಲ ಏನೂ ಕಾರಣ ಸಿಗುವುದಿಲ್ಲ. ಎರಡನೇ ಮಗುವಿನ ವಿಷಯದಲ್ಲಿ ಎರಡು ಸಂಗತಿ ಮಾತ್ರ ನೆನಪಿಡಿ. ಮೊದಲನೆಯದು ಬೇಗ ಹುಟ್ಟಿದ್ದರೆ ಎರಡನೆಯದೂ ಬೇಗ ಹುಟ್ಟುವ ಸಾಧ್ಯತೆ ಸುಮಾರು ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ಹೆರಿಗೆಯಾಗಿ ಆರು ತಿಂಗಳೊಳಗೇ ಮತ್ತೆ ಬಸಿರಾದರೂ ಅಪಾಯ ಏರುತ್ತದೆ; ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದ ಅಂತರ ಕೇಳುವುದು ಇದಕ್ಕೇ. ಮೊದಲನೆಯದು ತಿಂಗಳು ತುಂಬಿ ಹುಟ್ಟಿದ್ದರೆ ಎರಡನೆಯದೂ ತುಂಬಿಯೇ ಹುಟ್ಟುವ ಸಾಧ್ಯತೆ ಹೆಚ್ಚು. ಆದರೆ ಹೆಚ್ಚು ಅಂದರೆ ಖಾತ್ರಿ ಅಂತಲ್ಲ.

ಇದನ್ನು ಜಾವಗಲ್ ಲೆಕ್ಕದಲ್ಲಿ ನೋಡೋಣ. ಹೊರಗಿನವರಿಗೆ ಊರು ಗೊತ್ತಿರುವುದು ಶ್ರೀನಾಥ್ ಬೌಲಿಂಗ್‌ನಿಂದ, ಇಲ್ಲವೇ ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿಯಿಂದ. ಊರಿನವರಿಗೆ ಗೊತ್ತಿರುವ ಸಂಗತಿ ಬೇರೆ: ತಾಲ್ಲೂಕು ಕೇಂದ್ರ ಅರಸೀಕೆರೆ ಒಂದು ದಿಕ್ಕಿಗೆ, ಹಳೇಬೀಡು-ಬೇಲೂರು ಇನ್ನೊಂದು ದಿಕ್ಕಿಗೆ, ಜಿಲ್ಲಾ ಕೇಂದ್ರ ಹಾಸನ ಸುಮಾರು 50 ಕಿಲೋಮೀಟರ್. ಸರ್ಕಾರಿ ವ್ಯವಸ್ಥೆಯಲ್ಲಿ ಹೆರಿಗೆ ಮಾಡಿಸುವ ಪ್ರತಿ ಆಸ್ಪತ್ರೆಯಲ್ಲೂ ಮಗುವನ್ನು ಬೆಚ್ಚಗಿಟ್ಟು ಉಸಿರಾಡಿಸುವ ಒಂದು ಮೂಲೆ ಇರಬೇಕು. ತೀರಾ ಸಣ್ಣ ಮಗುವಿಗೆ ಬೇಕಾದ ವಿಶೇಷ ನವಜಾತ ಶಿಶು ಘಟಕ, ಅಂದರೆ ಎಸ್‌ಎನ್‌ಸಿಯು, ಇರುವುದು ಜಿಲ್ಲಾ ಮಟ್ಟದಲ್ಲಿ. ಅಂದರೆ ರಾತ್ರಿ ಹೊತ್ತು ಒಂದು ಗಂಟೆಗೂ ಮೀರಿದ ದಾರಿ.

ಮೊದಲ ಹೆರಿಗೆಗೆ ಈ ದೂರ ಅಷ್ಟೊಂದು ಕಾಡುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ನೋವು ಸರಿಯಾಗಿ ಕಚ್ಚಿಕೊಂಡ ಮೇಲೆ ಮೊದಲ ಹೆರಿಗೆಗೆ ಸರಾಸರಿ 8 ಗಂಟೆ ಬೇಕು, ಆಮೇಲಿನವಕ್ಕೆ 5 ಗಂಟೆ. ಮೊದಲ ಸಲ ಗರ್ಭಕೊರಳು ಮೊದಲು ತೆಳುವಾಗಿ, ಆಮೇಲೆ ತೆರೆದುಕೊಳ್ಳುತ್ತದೆ. ಎರಡನೇ ಸಲ ಎರಡೂ ಒಟ್ಟಿಗೇ ನಡೆಯುತ್ತವೆ, ಒಮ್ಮೆ ಹಿಗ್ಗಿದ ಸ್ನಾಯುಗಳು ಅಷ್ಟು ತಡೆ ಒಡ್ಡುವುದಿಲ್ಲ. ಸರಾಸರಿ 5 ಅಂದರೆ ಕೆಲವರಿಗೆ 3 ಗಂಟೆಯೂ ಸಾಕು. ಈ 5 ಗಂಟೆಯಿಂದ ‘ಗ್ಯಾಸ್ ಇರಬೇಕು’ ಅಂತ ಕಾದ ಹೊತ್ತು, ಗಾಡಿ ಬರುವ ಹೊತ್ತು, ದೊಡ್ಡ ಮಗುವನ್ನು ಯಾರ ಮನೆಯಲ್ಲಿ ಬಿಡೋದು ಅಂತ ಮಾತಾಡಿದ ಹೊತ್ತು ಕಳೆಯಿರಿ. ಇಂಜಿನಿಯರಿಂಗ್ ಓದುವಾಗ ಯಾವ ಯೋಜನೆಗೂ ಒಂದಿಷ್ಟು ಹೆಚ್ಚುವರಿ ಸಮಯ ಇಟ್ಟುಕೊಳ್ಳಿ ಅಂತ ಹೇಳಿಕೊಡುತ್ತಿದ್ದರು. ಇಲ್ಲಿ ಅದು ಬಹುತೇಕ ಸೊನ್ನೆ.

ನನ್ನ ತಂಗಿಯನ್ನು ಕೊಟ್ಟಿರುವುದು ಜಾವಗಲ್‌ಗೇ. ಅವಳ ಎರಡನೇ ಬಸಿರು, 33ನೇ ವಾರ. ಒಂದು ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನಲ್ಲಿದ್ದ ನನಗೆ ಫೋನ್ ಮಾಡಿದಳು. “ಅಣ್ಣ, ಸೊಂಟ ಹಿಡಿದ ಹಾಗೆ ಆಗ್ತಿದೆ. ಅತ್ತೆ ಜೀರಿಗೆ ಕಷಾಯ ಕುಡಿದು ಮಲಕ್ಕೋ ಅಂತಿದ್ದಾರೆ.” ಎಷ್ಟು ಹೊತ್ತಿಗೊಂದು ಸಲ ಬರುತ್ತೆ ಅಂತ ಬರೆದಿಟ್ಟುಕೋ ಅಂದೆ. 9.40, 9.52, 10.03, 10.13. ಪಕ್ಕಕ್ಕೆ ತಿರುಗಿ ಮಲಗಿದರೂ ನಿಲ್ಲಲಿಲ್ಲ. ಸುಳ್ಳು ನೋವಿಗೂ ನಿಜವಾದದ್ದಕ್ಕೂ ಇರುವ ವ್ಯತ್ಯಾಸ ಇದೇ: ಸುಳ್ಳು ನೋವಿಗೆ ಲಯವಿಲ್ಲ, ನಡೆದಾಡಿದರೋ ಮಲಗಿದರೋ ಕಡಿಮೆಯಾಗುತ್ತೆ. ನಿಜವಾದದ್ದು ಹತ್ತಿರ ಹತ್ತಿರವಾಗುತ್ತಾ, ಜೋರಾಗುತ್ತಾ ಬರುತ್ತೆ. 37 ವಾರ ತುಂಬಿಲ್ಲದಿದ್ದರೆ ಈ ಪರೀಕ್ಷೆಗೂ ಕಾಯಬಾರದು. ನೀರು ಹೋದರೆ, ರಕ್ತ ಕಂಡರೆ, ಮಗು ಆಡುವುದು ಕಡಿಮೆಯಾದರೆ, ಬಿಟ್ಟು ಬಿಟ್ಟು ಸೊಂಟ ನೋಯುತ್ತಿದ್ದರೆ ಹೊರಡಬೇಕು, ಅಷ್ಟೇ.

108ಕ್ಕೆ ಫೋನ್ ಹೋಯಿತು. ಮೊದಲು ಊರಿನ ಆಸ್ಪತ್ರೆಗೆ. ತಂಗಿ ಗಂಡನಿಗೆ ನೇರವಾಗಿ ಹಾಸನಕ್ಕೇ ಹೋಗಿಬಿಡೋಣ ಅನ್ನುವ ಅವಸರ, ಇಲ್ಲಿ ನಿಲ್ಲಿಸಿದರೆ ಟೈಮ್ ವೇಸ್ಟ್ ಅಂತ. ಆದರೆ ಅಲ್ಲಿ ನಿಂತ ಕಾಲು ಗಂಟೆಯಲ್ಲೇ ಆ ರಾತ್ರಿಯ ಮುಖ್ಯ ಕೆಲಸ ಆಗಿದ್ದು. ನರ್ಸ್ ಪರೀಕ್ಷೆ ಮಾಡಿ, ಹಾಸನದವರೆಗೆ ಹೋಗುವಷ್ಟು ಸಮಯ ಇದೆ ಅಂದರು. ಒಂದು ಇಂಜೆಕ್ಷನ್ ಕೊಟ್ಟರು. ಮಗು ಹುಟ್ಟಿದ್ದು ರಾತ್ರಿ ಎರಡು ದಾಟಿದ ಮೇಲೆ, ಹಾಸನದಲ್ಲಿ. ನೋವು ಶುರುವಾಗಿ ಐದು ಗಂಟೆಯೂ ಆಗಿರಲಿಲ್ಲ. ಮೊದಲನೆಯದಕ್ಕೆ ಹದಿನಾರು ಗಂಟೆ ಹಿಡಿದಿತ್ತು.

ಆ ಇಂಜೆಕ್ಷನ್ ಹೆಸರು ಡೆಕ್ಸಾಮೆಥಾಸೋನ್. ಕೆಲವೇ ರೂಪಾಯಿಯ ಸ್ಟೀರಾಯ್ಡ್. ತಾಯಿಗೆ ಕೊಟ್ಟರೆ ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲೇ ಇದನ್ನು ತೋರಿಸಿದ್ದರು. 24ರಿಂದ 34 ವಾರದ ನಡುವೆ ನೋವು ಕಾಣಿಸಿಕೊಂಡರೆ 6 ಮಿಲಿಗ್ರಾಂನಂತೆ 12 ಗಂಟೆಗೊಂದು, ಒಟ್ಟು ನಾಲ್ಕು ಡೋಸ್. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಮೊದಲ ಡೋಸನ್ನು ಎಎನ್‌ಎಂ ಕೂಡ ಕೊಡಬಹುದು ಎಂದು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಊರಿನ ಆಸ್ಪತ್ರೆಯನ್ನು ದಾಟಿಕೊಂಡು ಓಡಬೇಡಿ.

ಇದರಲ್ಲಿ ನಮ್ಮ ಬೆಳಗಾವಿಯ ಪಾತ್ರವೂ ಇದೆ, ಅದು ಸ್ವಾರಸ್ಯದ ಕತೆ. ಆರು ದೇಶಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಈ ಔಷಧವನ್ನು ಹಳ್ಳಿಹಳ್ಳಿಗೂ ಹರಡಿದಾಗ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಒಟ್ಟಾರೆ ಶಿಶು ಮರಣ ಹೆಚ್ಚಾಯಿತು. ಆ ಸಲವೂ ಬೆಳಗಾವಿ ಒಂದು ಕೇಂದ್ರ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಬೆಳಗಾವಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ವಾರವನ್ನು ಸ್ಕ್ಯಾನ್‌ನಿಂದ ಖಚಿತಪಡಿಸಿಕೊಂಡ 2,852 ತಾಯಂದಿರ ಮೇಲೆ ಮತ್ತೆ ಪರೀಕ್ಷಿಸಿತು. 2020ರಲ್ಲಿ ಬಂದ ಫಲಿತಾಂಶ: ಔಷಧ ಸಿಗದವರ ಗುಂಪಿನಲ್ಲಿ 23.5% ನವಜಾತ ಶಿಶುಗಳು ತೀರಿಕೊಂಡರೆ, ಸಿಕ್ಕವರಲ್ಲಿ 19.6%. ಎರಡಕ್ಕೂ ಇದ್ದ ದೊಡ್ಡ ವ್ಯತ್ಯಾಸ, ಎರಡನೆಯದರಲ್ಲಿ ವಾರದ ಲೆಕ್ಕ ಸರಿಯಿತ್ತು, ಹುಟ್ಟಿದ ಮೇಲೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇತ್ತು.

ವಾರದ ಲೆಕ್ಕ ತಪ್ಪುವುದು ಎರಡನೇ ಬಸಿರಿನಲ್ಲೇ ಹೆಚ್ಚು ಅಂತ ನನಗನ್ನಿಸುತ್ತದೆ. ಮೊದಲ ಮಗುವಿಗೆ ಇನ್ನೂ ಹಾಲು ಕೊಡುತ್ತಿರುವಾಗ ಮುಟ್ಟು ಸರಿಯಾಗಿ ಬರುತ್ತಿರುವುದಿಲ್ಲ. ಕೊನೇ ಮುಟ್ಟು ಯಾವಾಗ ಅಂತ ಕೇಳಿದರೆ ‘ಹಬ್ಬದ ಹಿಂದೆಮುಂದೆ’ ಅನ್ನುವ ಉತ್ತರ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ವಾರವನ್ನು ಒಂದು ವಾರದ ಹೆಚ್ಚುಕಡಿಮೆಯಲ್ಲಿ ಹೇಳುತ್ತದೆ. ಏಳನೇ ತಿಂಗಳ ನಂತರ ಮಾಡಿಸಿದರೆ ಎರಡು-ಮೂರು ವಾರ ಅತ್ತಿತ್ತ ಆಗಬಹುದು. ‘ಈ ಸಲ ಐದನೇ ತಿಂಗಳಿಗೆ ಒಂದೇ ಸ್ಕ್ಯಾನ್ ಸಾಕು’ ಅಂತ ಬಿಟ್ಟ ಆ ಮೊದಲ ಸ್ಕ್ಯಾನ್, ರಾತ್ರಿ ಹನ್ನೊಂದಕ್ಕೆ ನರ್ಸ್ ಕೈಲಿ ಸಿರಿಂಜ್ ಹಿಡಿದಾಗ ಬೇಕಾಗುತ್ತದೆ.

ಇನ್ನೊಂದು ಮಾತು. ‘ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ’ ಅನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ನಮ್ಮದು ಮಾತ್ರ ಅಲ್ಲ, ಗ್ರೀಕರ ಹಿಪೊಕ್ರೆಟಿಸ್ ಹೆಸರಿನ ಗ್ರಂಥಗಳಲ್ಲಿ ಎಂಟು ತಿಂಗಳ ಮಗುವಿನ ಮೇಲೆ ಪ್ರತ್ಯೇಕ ಬರಹವೇ ಇದೆ. ಎರಡೂವರೆ ಸಾವಿರ ವರ್ಷದಿಂದ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭ. ಅದಕ್ಕೇ, ಸಮಯವಿದ್ದರೆ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಹುಟ್ಟಿದ ಸಣ್ಣ ಮಗುವನ್ನು ಒಯ್ಯುವುದಕ್ಕಿಂತ ಅದು ಎಷ್ಟೋ ಕ್ಷೇಮ. ಸಮಯವಿಲ್ಲ ಅಂತ ನರ್ಸ್ ಹೇಳಿದರೆ ಹತ್ತಿರದಲ್ಲೇ ಹೆರಿಗೆ ಆಗಲಿ, ಹಟ ಹಿಡಿಯಬೇಡಿ.

ಹುಟ್ಟಿದ ಮೇಲೆ ಒಯ್ಯಬೇಕಾಗಿ ಬಂದರೆ ಮಗುವಿನ ಮೊದಲ ಶತ್ರು ಚಳಿ. ಸ್ನಾನ ಬೇಡ. ತಾಯಿಯ ಅಥವಾ ತಂದೆಯ ಬರಿ ಎದೆಗೆ ಮಗುವಿನ ಮೈ ತಾಗುವಂತೆ ಕಟ್ಟಿಕೊಂಡು, ತಲೆಗೆ ಟೋಪಿ ಹಾಕಿ ಹೊದಿಸಬೇಕು. ಇದೇ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಇದ್ದ ಐದು ದೇಶಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು: 1ರಿಂದ 1.8 ಕೆ.ಜಿ. ತೂಕದ ಮಕ್ಕಳನ್ನು ಹುಟ್ಟಿದ ತಕ್ಷಣದಿಂದಲೇ ಹೀಗೆ ಇಟ್ಟುಕೊಂಡಾಗ, 28 ದಿನದೊಳಗಿನ ಸಾವು 15.7%ನಿಂದ 12%ಗೆ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ವ್ಯಾಪಕವಾಗಿ ಜಾರಿಗೆ ತರುವ ಸಂಶೋಧನೆ ನಡೆದಿದೆ. ಮನೆಗೆ ಬಂದ ಮೇಲೂ ಕೆಂಡದ ಅಗ್ಗಿಷ್ಟಿಕೆಗಿಂತ, ಸಾಂಬ್ರಾಣಿ ಹೊಗೆಗಿಂತ ಇದು ಒಳ್ಳೆಯದು. ಬಲಿಯದ ಶ್ವಾಸಕೋಶಕ್ಕೆ ಹೊಗೆ ಸಲ್ಲದು.

ಇನ್ನು ಕಾಗದಪತ್ರ. 2022ರ ನವೆಂಬರ್‌ನಲ್ಲಿ ಪಕ್ಕದ ತುಮಕೂರಿನಲ್ಲಿ ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಲಿಲ್ಲ ಎನ್ನಲಾದ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಅವಳಿ ಹೆತ್ತು, ಮಕ್ಕಳೊಂದಿಗೇ ತೀರಿಕೊಂಡಳು. ಅವಳ ಮೊದಲ ಮಗಳು ಉಳಿದಳು. ವೈದ್ಯೆ ಮತ್ತು ನರ್ಸ್‌ಗಳ ಅಮಾನತಾಯಿತು. ತುರ್ತಿನಲ್ಲಿ ಬಂದವರಿಗೆ ಕಾರ್ಡ್ ಕೇಳುವುದೇ ತಪ್ಪು. ಆದರೂ ತವರು-ಗಂಡನ ಮನೆ ಅಂತ ಓಡಾಡುವ ಎರಡನೇ ಬಸಿರಿನಲ್ಲಿ ಕಾರ್ಡ್ ಒಂದೂರಲ್ಲಿ, ಬಸುರಿ ಇನ್ನೊಂದೂರಲ್ಲಿ ಇರುವುದು ಮಾಮೂಲು. ಕಾರ್ಡನ್ನು ಕೈಚೀಲದಲ್ಲೇ ಇಡಿ, ಎರಡೂ ಊರಿನ ಆಶಾ ಕಾರ್ಯಕರ್ತೆಯರ ನಂಬರ್ ಇಟ್ಟುಕೊಳ್ಳಿ.

ಹಣದ ವಿಷಯಕ್ಕೆ ಬಂದರೆ, 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಕಾಯಿಲೆ ಬಿದ್ದ ಶಿಶುವಿನ ಚಿಕಿತ್ಸೆ, ಓಡಾಟ ಎಲ್ಲ ಉಚಿತ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮಾತ್ರ ಎರಡನೇ ಮಗು ಹೆಣ್ಣಾದರೆ 6,000 ರೂಪಾಯಿ, ಗಂಡಾದರೆ ಏನೂ ಇಲ್ಲ. ಹೆಣ್ಣುಮಗುವಿಗೆ ಪ್ರೋತ್ಸಾಹ ಅನ್ನುವುದು ಸರಿಯೇ. ಆದರೆ ತಿಂಗಳು ತುಂಬದೆ ಹೆತ್ತ ತಾಯಿಯ ಕೂಲಿ ನಷ್ಟ ಮಗುವಿನ ಲಿಂಗ ನೋಡಿ ಆಗುವುದಿಲ್ಲವಲ್ಲ. ಕಾರ್ಖಾನೆ, ಕಚೇರಿಯಲ್ಲಿ ದುಡಿಯುವವರಿಗೆ ಹೆಚ್ಚು ಮಂದಿಗೆ ಗೊತ್ತಿಲ್ಲದ ಒಂದು ಹಕ್ಕಿದೆ. ಅವಧಿಪೂರ್ವ ಹೆರಿಗೆಯಿಂದ ಕಾಯಿಲೆಯಾದರೆ 26 ವಾರದ ಮೇಲೆ ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ. ವೈದ್ಯಕೀಯ ದಾಖಲೆ ಕೊಟ್ಟು ಕೇಳಬೇಕು.

ಕೊನೆಯದಾಗಿ, ಕಣ್ಣು. ಬೇಗ ಹುಟ್ಟಿದ ಮಗುವಿನ ಅಕ್ಷಿಪಟದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ, ಅಡ್ಡಾದಿಡ್ಡಿ ಬೆಳೆದರೆ ಕುರುಡುತನ ಬರಬಹುದು. 2 ಕೆ.ಜಿ.ಗಿಂತ ಕಡಿಮೆ ತೂಕ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ್ದರೆ 30 ದಿನದೊಳಗೆ ಕಣ್ಣು ತೋರಿಸಬೇಕು, ತೀರಾ ಸಣ್ಣವಕ್ಕೆ ಇನ್ನೂ ಮೊದಲೇ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ತೊಂದರೆ ಇದ್ದರೆ ಲೇಸರ್ ಚಿಕಿತ್ಸೆಯಿದೆ, ಹೊತ್ತು ಮೀರಿದರೆ ದೃಷ್ಟಿ ವಾಪಸ್ ಬರುವುದಿಲ್ಲ. ಎಡವಟ್ಟು ಏನೆಂದರೆ, ನಮ್ಮಲ್ಲಿ ಬಾಣಂತಿ ಹೊಸಿಲು ದಾಟುವುದು ನಲವತ್ತು ದಿನ ಕಳೆದ ಮೇಲೆ. ಡಿಸ್ಚಾರ್ಜ್ ಆಗುವಾಗಲೇ ಕಣ್ಣಿನ ಪರೀಕ್ಷೆಯ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಅದನ್ನು ಮನೆಯ ಹಿರಿಯರಿಗೆ ಅವತ್ತೇ ಓದಿ ಹೇಳಿ.