ಸಂವೇದಕ ಜಾಲಗಳೂ ಒಬ್ಬ ವಿದುಷಿಯ ಸಾಧನೆಯೂ

ಹೆಣ್ಣುಮಕ್ಕಳಿಗೆ ಗಣಿತವೂ ಯಂತ್ರಶಾಸ್ತ್ರವೂ ಏತಕ್ಕೆಂದು ಕೇಳುವವರು ಇಂದಿಗೂ ಇಲ್ಲದಿಲ್ಲ. ಅಂಥವರಿಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಂದು ಜೀವನದ ವೃತ್ತಾಂತವನ್ನು ಮುಂದಿಡುವುದು ಮೇಲೆಂದೆಣಿಸಿ, ಅಮೆರಿಕಾ ದೇಶದ ಡೆಬೊರಾ ಎಸ್ಟ್ರಿನ್ ಎಂಬ ವಿದುಷಿಯ ಕಾರ್ಯವನ್ನು ಇಲ್ಲಿ ಸಂಗ್ರಹವಾಗಿ ತಿಳಿಸುವೆನು.

ಇವರು 1959ರಲ್ಲಿ ಜನಿಸಿದರು. ತಂದೆ ಜೆರಾಲ್ಡ್, ತಾಯಿ ಥೆಲ್ಮಾ; ಇಬ್ಬರೂ ಗಣಕಯಂತ್ರ ಶಾಸ್ತ್ರದಲ್ಲಿ ಪಾರಂಗತರು. ತಾಯಿಯವರು 1951ರಲ್ಲಿಯೇ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದಿದ್ದರು. ಆದರೇನು? ಗಂಡನು ಅಧ್ಯಾಪಕನಾಗಿರುವ ವಿಭಾಗದಲ್ಲಿ ಹೆಂಡತಿಗೆ ಉದ್ಯೋಗವಿಲ್ಲವೆಂಬುದು ಅಂದಿನ ನಿಯಮವಾಗಿತ್ತು. ಥೆಲ್ಮಾರವರು ಧೈರ್ಯಗೆಡದೆ ಮಿದುಳಿನ ಸಂಶೋಧನಾಲಯವನ್ನು ಸೇರಿ, ಗಣಕಯಂತ್ರವನ್ನು ವೈದ್ಯಶಾಸ್ತ್ರದ ಸೇವೆಗೆ ಹೂಡಿದರು. ಇಂಥ ತಾಯಿಯ ಮಗಳು 1985ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಡಾಕ್ಟರ್ ಪದವಿಯನ್ನು ಪಡೆದರು.

ಸಂವೇದಕವೆಂದರೆ ಶಾಖ, ತೇವ, ಬೆಳಕು, ಅಲುಗಾಟ ಮೊದಲಾದುವನ್ನು ಅರಿಯುವ ಕಿರಿಯ ಉಪಕರಣ. ಇಂಥವನ್ನು ಕಾಡಿನಲ್ಲಿಯೋ ಹೊಲದಲ್ಲಿಯೋ ಅಲ್ಲಲ್ಲಿ ನೆಟ್ಟು, ತಂತಿಯ ಸಹಾಯವಿಲ್ಲದೆ ಒಂದಕ್ಕೊಂದು ಸುದ್ದಿ ಮುಟ್ಟಿಸುವಂತೆ ಮಾಡಿದರೆ ಅದು ಸಂವೇದಕ ಜಾಲವಾಗುತ್ತದೆ. ಆದರೆ ಉಪಕರಣದ ಪ್ರಾಣವು ಸಣ್ಣದೊಂದು ಬ್ಯಾಟರಿಯಲ್ಲಿರುವುದು. ಲೆಕ್ಕ ಮಾಡುವುದಕ್ಕಿಂತ ರೇಡಿಯೊ ಮೂಲಕ ಸುದ್ದಿ ಕಳುಹಿಸುವುದಕ್ಕೇ ಅದರ ಶಕ್ತಿ ಹೆಚ್ಚಾಗಿ ವೆಚ್ಚವಾಗುವುದು. ಆದಕಾರಣ ಮಿತವಾಗಿ ಮಾತನಾಡುವುದನ್ನು ಯಂತ್ರಗಳಿಗೆ ಕಲಿಸಬೇಕಾಯಿತು.

2000ದಲ್ಲಿ ಎಸ್ಟ್ರಿನ್‌ರವರೂ ಅವರ ಸಂಗಡಿಗರೂ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ತರಗತಿಯಲ್ಲಿ ಕಳೆದುಹೋದ ಪುಸ್ತಕವನ್ನು ಹುಡುಕುವ ಉಪಾಧ್ಯಾಯಿನಿಯು ಒಬ್ಬೊಬ್ಬಳ ಹೆಸರನ್ನೂ ಕೂಗದೆ, “ಪುಸ್ತಕವನ್ನು ಕಂಡವರು ಯಾರು?” ಎಂದು ಕೇಳುವಳಷ್ಟೆ. ಪ್ರಶ್ನೆಯು ಬೆಂಚಿನಿಂದ ಬೆಂಚಿಗೆ ಸಾಗಿ, ಉತ್ತರವು ಅದೇ ರೀತಿ ಹಿಂದಿರುಗುವುದು. ಮೂವರು ಒಂದೇ ಸಂಗತಿಯನ್ನು ಹೇಳಿದರೆ ನಡುವಿನವಳು ಅದನ್ನು ಒಂದೇ ಮಾತಾಗಿ ಕೂಡಿಸುವಳು. ಸಂವೇದಕಗಳೂ ಹಾಗೆಯೇ ವರ್ತಿಸುವಂತೆ ಇವರು ಕ್ರಮಗೊಳಿಸಿದರು. 2002ರಲ್ಲಿ ಲಾಸ್ ಏಂಜಲೀಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ಕೇಂದ್ರವು ಸ್ಥಾಪಿತವಾಗಿ, ಇವರು ಅದರ ಪ್ರಥಮ ನಿರ್ದೇಶಕಿಯಾದರು. ಕ್ಯಾಲಿಫೋರ್ನಿಯಾದ ಸ್ಯಾನ್ ಜಸಿಂಟೊ ಬೆಟ್ಟಗಳ ಅರಣ್ಯದಲ್ಲಿ ಹವೆಯನ್ನೂ ಹಕ್ಕಿಗಳ ಗೂಡುಗಳನ್ನೂ ಇಂಥ ಉಪಕರಣಗಳು ನೋಡಿಕೊಂಡವು.

2012ರಲ್ಲಿ ತಂದೆಯವರು ತೀರಿಕೊಂಡರು. ಅದಕ್ಕೆ ಕೆಲವು ತಿಂಗಳು ಮುಂಚಿನಿಂದಲೇ ಅವರು ಮಿಂಚಂಚೆಗೆ ಉತ್ತರ ಬರೆಯುವುದೂ, ಅಂಗಡಿಗೆ ಹೋಗುವುದೂ, ದೂರ ನಡೆಯುವುದೂ ಕಡಮೆಯಾಗಿದ್ದುದನ್ನು ಮಗಳು ಗಮನಿಸಿದ್ದರು. ಕೈಯ ದೂರವಾಣಿಯೇ ಒಂದು ಸಂವೇದಕವಲ್ಲವೆ? ಅದರಲ್ಲಿ ಉಳಿಯುವ ನಿತ್ಯಜೀವನದ ಗುರುತುಗಳು ರೋಗದ ಮುನ್ಸೂಚನೆಯನ್ನು ಕೊಡಲಾರವೆ? ಅಲ್ಪವೆಂದು ತೋರುವ ಈ ಗುರುತುಗಳ ವಿಚಾರವನ್ನು ಇವರು ನ್ಯೂಯಾರ್ಕಿನ ಕಾರ್ನೆಲ್ ಟೆಕ್ ಸಂಸ್ಥೆಯಲ್ಲಿ ಮುಂದುವರಿಸಿದರು.

ಕೃತಕ ಬುದ್ಧಿಮತ್ತೆಯ ಉಪಯೋಗವು ಇಲ್ಲಿಯೇ. ಒಬ್ಬರ ವಾಡಿಕೆಯ ದಿನಚರಿಯನ್ನು ಯಂತ್ರವು ಕಲಿತುಕೊಂಡು, ಅದು ತಪ್ಪಿದಾಗ ಎಚ್ಚರಿಸಬಲ್ಲುದು. ಆದರೆ ಅದರ ಊಹೆಯು ಸುಳ್ಳಾಗಲೂಬಹುದು. ಮೇಲಾಗಿ ಮನೆಯ ಗುಟ್ಟು ಪರರ ಕೈ ಸೇರುವ ಭಯವೂ ಉಂಟು. ಆದುದರಿಂದ ನಮ್ಮ ಗುರುತುಗಳು ನಮಗೇ ದೊರೆಯಬೇಕು, ನಮ್ಮ ಹಿತಕ್ಕೆ ಒದಗಬೇಕು ಎಂಬುದು ಎಸ್ಟ್ರಿನ್‌ರವರ ವಾದ.

2018ರಲ್ಲಿ ಮ್ಯಾಕ್‌ಆರ್ಥರ್ ಫೆಲೋಷಿಪ್ಪೂ, 2022ರಲ್ಲಿ ಜಾನ್ ಫಾನ್ ನಾಯ್ಮನ್ ಪದಕವೂ ಇವರಿಗೆ ಸಂದವು. ಪ್ರಿನ್ಸ್‌ಟನ್ನಿನಲ್ಲಿ ಆ ಫಾನ್ ನಾಯ್ಮನ್‌ರ ಗಣಕಯಂತ್ರವನ್ನು ಕಟ್ಟಿದವರಲ್ಲಿ ಇವರ ತಂದೆಯವರೂ ಒಬ್ಬರು. ತಾಯಿಗೆ ಮುಚ್ಚಿದ್ದ ಬಾಗಿಲು ಮಗಳಿಗೆ ತೆರೆಯಿತು. ಮನೆಯಲ್ಲಿ ಪ್ರಶ್ನೆ ಕೇಳುವ ಹುಡುಗಿಯನ್ನು ಸುಮ್ಮನಿರೆಂದು ಗದರಿಸುವ ಮುನ್ನ ತಂದೆತಾಯಿಗಳು ಇದನ್ನು ಒಂದು ಗಳಿಗೆ ನೆನೆಯಲಿ.