'ನಾಟಕ' ಎನ್ನುವ ಮುನ್ನ

ಕಾಫಿ ಕುಯ್ಲಿನ ದಿನಗಳಲ್ಲಿ ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಅಂಥ ಒಂದು ಬೆಳಿಗ್ಗೆ ಸೊಸೆ ಸೊಂಟನೋವೆಂದು ಮಲಗಿದರೆ ಅಡುಗೆಮನೆಯಿಂದ ಮಾತೊಂದು ತೂರಿ ಬರುತ್ತದೆ: "ಸಾಕು ನಿನ್ನ ನಾಟಕ!"

'ನಾಟಕ'ಕ್ಕೆ 'ಈಯ' ಸೇರಿ 'ನಾಟಕೀಯ' ಆಗಿದೆ. ನಾಟಕಕ್ಕೆ ಸಂಬಂಧಿಸಿದ್ದು ಎಂಬುದು ಅದರ ಮೂಲ ಅರ್ಥ. ಪತ್ರಿಕೆಯವರು 'ನಾಟಕೀಯ ತಿರುವು' ಎಂದಾಗ ಅದರಲ್ಲಿ ನಿಂದೆಯಿಲ್ಲ. ಆದರೆ ಮನುಷ್ಯರ ನಡತೆಗೆ ಬಳಸಿದಾಗ ಕೃತಕ, ತೋರಿಕೆ ಎಂಬ ಅರ್ಥ ಬರುತ್ತದೆ.

ನಮ್ಮ ಮಲೆನಾಡಿಗೆ ಯಕ್ಷಗಾನ ಹೊಸದಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬರುವ ವೇಷಧಾರಿ ಆರ್ಭಟಿಸುತ್ತಾನೆ. ಅದರಲ್ಲಿ ಮೋಸವಿಲ್ಲ. ಅದು ವೇಷವೆಂದು ನೋಡುವವರಿಗೆಲ್ಲ ಗೊತ್ತು. ವೇಷವನ್ನು ನಿಜವೆಂದು ನಂಬಿಸ ಹೊರಟಾಗಲೇ ಮೋಸ ಶುರುವಾಗುತ್ತದೆ. ಜನರು ನೋಡಲೆಂದು ಮಾಡುವ ಆರಾಧನೆಯನ್ನು ಇಸ್ಲಾಮ್ 'ರಿಯಾ' ಎನ್ನುತ್ತದೆ. ಈ ಅರಬಿ ಶಬ್ದದ ಮೂಲದಲ್ಲೂ 'ನೋಡು' ಎಂಬ ಅರ್ಥವೇ ಇದೆ. ಆದರೆ ರಿಯಾ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಅಳತೆಗೋಲು, ಇತರರನ್ನು ಹೊಡೆಯುವ ಕೋಲಲ್ಲ.

ಪವಿತ್ರ ಕುರ್‌ಆನಿನ ಸೂರಾ ಯೂಸುಫ್‌ನಲ್ಲಿ ಎರಡು ಬಗೆಯ ಕಣ್ಣೀರಿದೆ. ತಮ್ಮನನ್ನು ಬಾವಿಗೆ ತಳ್ಳಿದ ಅಣ್ಣಂದಿರು ಸಂಜೆ ಅಳುತ್ತಾ ತಂದೆಯ ಬಳಿ ಬಂದರು. ಅದು ನಾಟಕ. ಮಗನನ್ನು ನೆನೆದು ಕೊರಗಿದ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವು. ಅದು ನಿಜ. ಆ ನಿಜವಾದ ಅಳುವಿಗೂ ಹತ್ತಿರದವರಿಂದ ಸಿಕ್ಕಿದ್ದು ಆಕ್ಷೇಪಣೆಯೇ! ಅವರು ತಮ್ಮ ಅಳಲನ್ನು ಅಲ್ಲಾಹನ ಮುಂದೆ ಮಾತ್ರ ತೋಡಿಕೊಂಡರು.

ಯುದ್ಧದಲ್ಲಿ ಎದುರಾಳಿಯೊಬ್ಬ ಕಲಿಮಾ ಹೇಳಿದರೂ, ಅದು ಪ್ರಾಣಭಯದ ಮಾತೆಂದು ಭಾವಿಸಿ ಉಸಾಮಾ(ರ) ಅವನನ್ನು ಕೊಂದರು. ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂದು ಪ್ರವಾದಿ(ಸ) ಅವರನ್ನು ಕೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ರಣರಂಗದಲ್ಲೇ ಇಷ್ಟು ಎಚ್ಚರ ಬೇಕಾದರೆ ಅಡುಗೆಮನೆಯಲ್ಲಿ ಎಷ್ಟು ಬೇಡ?

ಸಹೋದರಿಯರೇ, ಬಾಣಂತಿಯ ಅಳು, ಅರೆತಲೆನೋವು, ಮನಸ್ಸಿನ ಕಾಯಿಲೆ ಹೊರಗೆ ಗಾಯವಾಗಿ ಕಾಣುವುದಿಲ್ಲ. ಒಮ್ಮೆ 'ನಾಟಕ' ಎನಿಸಿಕೊಂಡವಳು ಮತ್ತೆ ನೋವನ್ನು ಹೇಳಿಕೊಳ್ಳುವುದಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದಾಗ ಅದನ್ನು ನುಂಗಿಕೊಂಡು, "ಎಲ್ಲಿ ನೋವು ಮಗಳೇ?" ಎಂದು ಕೇಳಿ ನೋಡಿ. ಅವಳು ನಟಿಸುತ್ತಿದ್ದರೂ ನಿಮಗೆ ನಷ್ಟವಿಲ್ಲ. ನಿಜವಾಗಿದ್ದರೆ ಒಂದು ಜೀವ ಉಳಿದೀತು.