ಹೇಮಾವತಿಯ ಮಡಿಲಲ್ಲಿ ಶೆಟ್ಟಿಹಳ್ಳಿಯ ಚರ್ಚು: ಛಾಯಾಚಿತ್ರವೆಂಬ ದಾಖಲೆ

ಪಾಳುಬಿದ್ದ ಕಟ್ಟಡಗಳು ನಾಡಿನ ಇತಿಹಾಸದ ಮೂಕಸಾಕ್ಷಿಗಳು. ಶಿಲಾಶಾಸನವು ತನ್ನ ಕಾಲವನ್ನು ತಾನೇ ಹೇಳುತ್ತದೆ. ಪಾಳುಗೋಡೆಗೆ ಆ ಶಕ್ತಿಯಿಲ್ಲ. ಅದರ ಪರವಾಗಿ ನುಡಿಯಬಲ್ಲ ಸಾಧನಗಳಲ್ಲಿ ಛಾಯಾಚಿತ್ರವು ಮುಖ್ಯವಾದುದು. ಇದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಸರಿ ಚರ್ಚು ಉತ್ತಮ ನಿದರ್ಶನ.

ಕೊಕ್ಕಡದಿಂದ ಹೊರಟು ಶಿರಾಡಿ ಘಾಟಿಯನ್ನೇರಿದವರಿಗೆ ಸಕಲೇಶಪುರದಲ್ಲಿ ಹೇಮಾವತಿ ನದಿಯ ದರ್ಶನವಾಗುತ್ತದೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಈ ನದಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಆ ಜಲಾಶಯದ ಹಿನ್ನೀರಿನಲ್ಲಿ ಈ ಚರ್ಚು ನಿಂತಿದೆ.

ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತಕ್ಕೆ ಒಳಪಟ್ಟಿದ್ದ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಇದನ್ನು ಕಟ್ಟಿಸಿದರು. ಚೂಪು ಕಮಾನುಗಳು ಮತ್ತು ಎತ್ತರವಾದ ಕಿಟಕಿಗಳು ಇದರ ಗಾಥಿಕ್ ಶೈಲಿಯನ್ನು ಸೂಚಿಸುತ್ತವೆ. ಇದರ ಗಾರೆಗೆ ಬೆಲ್ಲ ಮತ್ತು ಮೊಟ್ಟೆಗಳನ್ನು ಬೆರೆಸಿದ್ದರೆಂಬ ಪ್ರತೀತಿಯಿದೆ. ಪ್ರಸಿದ್ಧ ಮಿಷನರಿ ಅಬೆ ದುಬಾಯ್ ಇದನ್ನು ಕಟ್ಟಿಸಿದನೆಂದು ಹೇಳುವವರೂ ಉಂಟು. ಆದರೆ ಆತನು 1823ರಲ್ಲಿಯೇ ಭಾರತವನ್ನು ಬಿಟ್ಟುಹೋಗಿದ್ದನು. ಒಂದು ಇಸವಿಯು ಎಷ್ಟು ಗೊಂದಲವನ್ನು ಪರಿಹರಿಸಬಲ್ಲುದೆಂಬುದಕ್ಕೆ ಇದೇ ಸಾಕ್ಷಿ.

1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ನೀರು ಏರಿದಂತೆ ಊರಿನ ಜನರು ಮನೆ, ಹೊಲಗಳನ್ನು ತೊರೆದು ಬೇರೆಡೆ ನೆಲೆಸಬೇಕಾಯಿತು. ಚರ್ಚು ಮಾತ್ರ ಅಲ್ಲಿಯೇ ಉಳಿಯಿತು. ಒಂದೆಡೆ ಸಾವಿರಾರು ಎಕರೆ ಭೂಮಿಗೆ ನೀರಾವರಿ, ಇನ್ನೊಂದೆಡೆ ತಲೆಮಾರುಗಳ ನೆಲೆಯನ್ನು ಕಳೆದುಕೊಂಡವರ ನೋವು. ಇವೆರಡಕ್ಕೂ ಸಾಕ್ಷಿಯಾಗಿ ಆ ಗೋಡೆಗಳು ನಿಂತಿವೆ.

ಮಳೆಗಾಲದಲ್ಲಿ ಜಲಾಶಯವು ತುಂಬಿದಾಗ ಗೋಡೆಗಳ ಕೆಳಭಾಗವು ಮುಳುಗಿ, ಮೇಲ್ಭಾಗವು ನೀರಿನಲ್ಲಿ ತೇಲುವಂತೆ ಕಾಣುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಬುಡದವರೆಗೂ ನಡೆದುಹೋಗಬಹುದು. ಈ ಏರಿಳಿತವೇ ಚಿತ್ರಕಾರರನ್ನು ಆಕರ್ಷಿಸುವುದು. ಕಟ್ಟಡವನ್ನು ಸವೆಯಿಸುವುದೂ ಇದೇ. ಇಟ್ಟಿಗೆಯು ನೆನೆದು ಒಣಗುವಾಗ ಗಾರೆಯು ಸಡಿಲವಾಗುತ್ತದೆ. ಅಲೆಗಳು ಬುಡವನ್ನು ಕೊರೆಯುತ್ತವೆ. ಬಿರುಕುಗಳಲ್ಲಿ ಬೇರೂರಿದ ಗಿಡಗಳು ಅವನ್ನು ಅಗಲಿಸುತ್ತವೆ. ಮಾಡು ಎಂದೋ ಹೋಗಿದೆ. ಗೋಡೆಗಳ ಭಾಗಗಳೂ ಕುಸಿದಿವೆ. ಆದುದರಿಂದ ಇಂದು ತೆಗೆದ ಚಿತ್ರದಲ್ಲಿರುವ ಕಮಾನು ಹತ್ತು ವರ್ಷಗಳ ಅನಂತರ ಇರುವುದೆಂಬ ಭರವಸೆಯಿಲ್ಲ.

ಹೀಗಿರುವಾಗ ಚಿತ್ರವನ್ನು ಹೇಗೆ ತೆಗೆಯಬೇಕು? ಬೆಳಗಿನ ಮತ್ತು ಸಂಜೆಯ ಓರೆಬಿಸಿಲಿನಲ್ಲಿ ಬಿರುಕುಗಳೂ ಇಟ್ಟಿಗೆಯ ಸಾಲುಗಳೂ ಸ್ಪಷ್ಟವಾಗುತ್ತವೆ. ನಡುಹಗಲಿನ ಬಿಸಿಲು ಅವನ್ನು ಮರೆಮಾಡುತ್ತದೆ. ಹತ್ತಿರ ನಿಂತು ಕ್ಯಾಮರಾವನ್ನು ಮೇಲಕ್ಕೆ ಓರೆಮಾಡಿದರೆ ನೆಟ್ಟಗಿರುವ ಗೋಡೆಯೂ ಹಿಂದಕ್ಕೆ ವಾಲಿದಂತೆ ತೋರುತ್ತದೆ. ದೂರ ಸರಿದು, ಕ್ಯಾಮರಾವನ್ನು ಮಟ್ಟವಾಗಿ ಹಿಡಿಯುವುದು ಲೇಸು. ಅಳತೆ ತಿಳಿಯುವಂತೆ ಗುರುತು ಹಾಕಿದ ಕೋಲನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ಟಿಪ್ಪಣಿ: ದಿನಾಂಕ, ವೇಳೆ, ನಿಂತ ಸ್ಥಳ, ನೋಡಿದ ದಿಕ್ಕು, ನೀರಿನ ಮಟ್ಟ. ಇವಿಲ್ಲದ ಚಿತ್ರವು ಸುಂದರವಾಗಿರಬಹುದು. ದಾಖಲೆಯಾಗಿ ಅದರ ಬೆಲೆ ಅಲ್ಪ.

ಈ ಕ್ರಮದ ಹಿರಿಮೆಯನ್ನು ಹಂಪೆಯು ತೋರಿಸಿಕೊಟ್ಟಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಅವಶೇಷಗಳನ್ನು ಚಿತ್ರಿಸಿದನು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಅದೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಶೆಟ್ಟಿಹಳ್ಳಿಯಲ್ಲಿಯೂ ವರ್ಷಕ್ಕೆರಡು ಬಾರಿ, ನೀರು ತುಂಬಿದಾಗ ಮತ್ತು ಇಳಿದಾಗ, ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆದಿಟ್ಟರೆ ಯಾವ ಗೋಡೆ ಎಷ್ಟು ಸವೆಯಿತೆಂಬ ಲೆಕ್ಕ ದೊರೆಯುತ್ತದೆ. ಸಂರಕ್ಷಣೆಗೆ ತೊಡಗುವವರಿಗೆ ಅದೇ ಮೊದಲ ಆಧಾರ.

ಚಿತ್ರದ ಆಸೆಗಾಗಿ ಸಡಿಲವಾದ ಗೋಡೆಯನ್ನು ಹತ್ತುವುದು, ಅದರ ಮೇಲೆ ಹೆಸರು ಕೆತ್ತುವುದು ಸಲ್ಲದು. ಅಲ್ಲಿ ಜನರು ಮೊಣಕಾಲೂರಿ ಪ್ರಾರ್ಥಿಸಿದ್ದಾರೆ, ಮದುವೆಗಳು ನಡೆದಿವೆ. ಯಾವ ಮತದ್ದೇ ಆಗಲಿ, ದೇಗುಲವು ಪಾಳಾದಮಾತ್ರಕ್ಕೆ ಗೌರವವನ್ನು ಕಳೆದುಕೊಳ್ಳುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಕಟ್ಟಡವೊಂದನ್ನು ಆರಿಸಿಕೊಂಡು, ಇದೇ ರೀತಿಯಲ್ಲಿ ವರ್ಷವರ್ಷವೂ ಚಿತ್ರಿಸಿ, ದಿನಾಂಕ ಬರೆದು, ಶಾಲೆಯ ಗ್ರಂಥಾಲಯದಲ್ಲಿ ಇರಿಸಬಹುದು. ಗೋಡೆಯನ್ನು ಎತ್ತಿ ನಿಲ್ಲಿಸುವ ಶಕ್ತಿ ಎಲ್ಲರಿಗೂ ಇರಲಾರದು; ಅದು ಹೇಗಿತ್ತೆಂಬುದನ್ನು ಮುಂದಿನವರಿಗೆ ತಿಳಿಸುವ ಕೆಲಸ ಯಾರಿಗೂ ಅಸಾಧ್ಯವಲ್ಲ.